ಗೇಣಿದಾರರ ವಾದ ಮಂಡಿಸಿದ ದಿನಕರ ದೇಸಾಯಿ

ಕಾನೂನು ಕಾಲೇಜುಗಳ ಅಣಕು ನ್ಯಾಯಾಲಯ ಸ್ಪರ್ಧೆಗಳಲ್ಲಿ ವಿದ್ಯಾರ್ಥಿಗಳು ಕಲ್ಪಿತ ಕಕ್ಷಿದಾರನ ಪರ ವಾದಿಸಿ ಪಳಗುತ್ತಾರೆ. ಅಲ್ಲಿ ಸೋತರೂ ಯಾರ ಮನೆಯೂ ಮುಳುಗುವುದಿಲ್ಲ. ಮುಂಬಯಿಯಲ್ಲಿ ಕಾನೂನು ಪದವಿ ಪಡೆದ ಅಂಕೋಲೆಯ ದಿನಕರ ದೇಸಾಯಿ (1909-1982) ಅವರ ಕಕ್ಷಿದಾರರು ಕಲ್ಪಿತರಾಗಿರಲಿಲ್ಲ. ಅವರು ಉತ್ತರ ಕನ್ನಡದ ಗೇಣಿ ರೈತರು.

ಗೋಪಾಲಕೃಷ್ಣ ಗೋಖಲೆ ಸ್ಥಾಪಿಸಿದ ಭಾರತ ಸೇವಕ ಸಮಾಜವನ್ನು ಸೇರಿದ ದೇಸಾಯಿ, ಜಿಲ್ಲೆಯ ರೈತರನ್ನು ಸಂಘಟಿಸಿ ಭೂಮಾಲೀಕರ ಶೋಷಣೆಯ ವಿರುದ್ಧ ದನಿಯೆತ್ತಿದರು. ಪರಿಣಾಮವಾಗಿ 1940ರ ದಶಕದಲ್ಲಿ ಬ್ರಿಟಿಷ್ ಆಡಳಿತ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ಕಡಲಂಚಿನ ಅಂಕೋಲೆಯಾಗಲಿ, ಯಲ್ಲಾಪುರ ತಾಲ್ಲೂಕಿನ ವಜ್ರಳ್ಳಿಯಾಗಲಿ, ಯಾವ ಊರಿಗೂ ಅವರು ಕಾಲಿಡುವಂತಿರಲಿಲ್ಲ. ಮುಂಬಯಿಯಲ್ಲಿ ಅವರು ಹಡಗು ಕಾರ್ಮಿಕರ ಪರ ದುಡಿದರು.

ನ್ಯಾಯ ಕೇಳುವವನಿಗೆ ಅಕ್ಷರವೂ ಬೇಕು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿದ ದೇಸಾಯಿ, ಜಿಲ್ಲೆಯಲ್ಲಿ ಶಾಲೆಗಳನ್ನು ತೆರೆದರು. ಚುಟುಕಗಳಿಂದ ಕನ್ನಡಿಗರ ಮನೆಮಾತಾದರು. 1967ರಲ್ಲಿ ಲೋಕಸಭೆಗೂ ಆಯ್ಕೆಯಾದರು.

1974ರ ಭೂಸುಧಾರಣಾ ತಿದ್ದುಪಡಿ ಉಳುವವನನ್ನೇ ಹೊಲದ ಒಡೆಯನನ್ನಾಗಿಸಿದಾಗ ದೇಸಾಯಿ ಇನ್ನೂ ಬದುಕಿದ್ದರು. ದಶಕಗಳ ಹಿಂದೆ ಹೂಡಿದ ವಾದದ ತೀರ್ಪು ಅವರ ಕಣ್ಣೆದುರೇ ಬಂದಿತ್ತು.