ಪ್ರಶ್ನೆ ಕೇಳೋದನ್ನ ಕಲಿಸಿದ ಫಿಸಿಕ್ಸ್ ಮೇಷ್ಟ್ರು ಎಚ್. ನರಸಿಂಹಯ್ಯ

ತಲಘಟ್ಟಪುರ: ಇಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಗೆ ಮಾಲು ತರೋಕೆ ಹೋಗುವ ಅಂಗಡಿಯವರಿಗೆ ಲಾಲ್‌ಬಾಗ್ ಆದಮೇಲೆ ಬರುವ ನಿಲ್ದಾಣ ಗೊತ್ತೇ ಇರುತ್ತೆ, ನ್ಯಾಷನಲ್ ಕಾಲೇಜು. ಆ ಕಾಲೇಜಿಗೇ ಬದುಕು ಕೊಟ್ಟವರು ಡಾ. ಎಚ್. ನರಸಿಂಹಯ್ಯ. ವಿದ್ಯಾರ್ಥಿಗಳ ಬಾಯಲ್ಲಿ ಎಚ್ಚೆನ್.

ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಲ್ಲಿ. ಮನೆಯಲ್ಲಿ ಕಡು ಬಡತನ. 1935ರಲ್ಲಿ ಹೈಸ್ಕೂಲು ಓದೋಕೆ ಬೆಂಗಳೂರಿಗೆ ಹೊರಟಾಗ ಬಸ್ ಚಾರ್ಜಿಗೂ ದುಡ್ಡಿರಲಿಲ್ಲ. ನಡೆದುಕೊಂಡೇ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದರು. ಮರುವರ್ಷ ಗಾಂಧೀಜಿ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ಹೇಳಿದ್ದು ಇದೇ ಹುಡುಗ. ಆಮೇಲೆ ಕೊನೇತನಕ ಖಾದಿ ಬಿಡಲಿಲ್ಲ.

ಸೆಂಟ್ರಲ್ ಕಾಲೇಜಲ್ಲಿ ಭೌತಶಾಸ್ತ್ರ ಓದುವಾಗ ಕ್ವಿಟ್ ಇಂಡಿಯಾ ಚಳವಳಿಗೆ ಇಳಿದು ಜೈಲು ಕಂಡರು. 1946ರಲ್ಲಿ ನ್ಯಾಷನಲ್ ಕಾಲೇಜಿಗೆ ಭೌತಶಾಸ್ತ್ರದ ಮೇಷ್ಟ್ರಾಗಿ ಸೇರಿದರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜದ ವಿಷಯದಲ್ಲಿ ಪಿಎಚ್‌ಡಿ ಮುಗಿಸಿ, ಅದೇ ಕಾಲೇಜಿಗೆ ವಾಪಸ್ ಬಂದು ಪ್ರಿನ್ಸಿಪಾಲರಾದರು.

ಫಿಸಿಕ್ಸ್ ಅಂದ್ರೆ ಸೂತ್ರ ಉರು ಹೊಡೆಯೋದು ಅಂತ ಮಕ್ಕಳು ಅಂದುಕೊಳ್ಳೋದು ಇವತ್ತಿಗೂ ಇದೆ. ತಕ್ಕಡಿಯನ್ನೇ ನೋಡಿ. ಸೂತ್ರ ಬಾಯಿಪಾಠ ಮಾಡಿದ ಹುಡುಗ ಪರೀಕ್ಷೆ ಪಾಸಾಗ್ತಾನೆ. ಮುಳ್ಳು ಯಾಕೆ ಒಂದು ಕಡೆ ವಾಲಿತು, ದಂಡದ ಒಂದು ತೋಳು ಉದ್ದ ಆದ್ರೆ ತೂಕ ಏನಾಗುತ್ತೆ ಅಂತ ಕೇಳಿ, ಕಲ್ಲಿಟ್ಟು ನೋಡಿದವನಿಗೆ ವಿಷಯ ಅರ್ಥ ಆಗುತ್ತೆ. ಏನು, ಯಾಕೆ, ಹೇಗೆ ಅಂತ ಕೇಳದೆ ಯಾವುದನ್ನೂ ಒಪ್ಪಬಾರದು ಅನ್ನೋದೇ ಎಚ್ಚೆನ್ ಜೀವನಪೂರ್ತಿ ಹೇಳಿಕೊಟ್ಟ ಪಾಠ.

ಈ ಅಭ್ಯಾಸ ಕ್ಲಾಸಿನ ಆಚೆಗೂ ಹೋಗಲಿ ಅಂತ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ವಿಜ್ಞಾನಿಗಳೇ ಬಂದು ವಿದ್ಯಾರ್ಥಿಗಳು, ಜನಸಾಮಾನ್ಯರ ಎದುರು ಉಪನ್ಯಾಸ ಕೊಡೋರು. ಗೌರಿಬಿದನೂರು, ಬಾಗೇಪಲ್ಲಿಯಂಥ ಊರುಗಳಿಗೂ ನ್ಯಾಷನಲ್ ಕಾಲೇಜು ಹೋಗಿದ್ದು ಅವರಿಂದಲೇ.

ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷೆ ಮಾಡೋಕೆ ಸಮಿತಿ ಮಾಡಿದರು. ದೊಡ್ಡ ಗಲಾಟೆನೇ ಆಯ್ತು. ಲ್ಯಾಬಲ್ಲಿ ಹುಡುಗರಿಗೆ ಹೇಳಿದ ನಿಯಮವನ್ನೇ ಅವರು ಹೊರಗೂ ಹಿಡಿದಿದ್ದರು, ಹಿಂದೆ ಸರಿಯಲಿಲ್ಲ.

1984ರಲ್ಲಿ ಪದ್ಮಭೂಷಣ ಬಂತು. ಮದುವೆ ಆಗಲಿಲ್ಲ, ಸ್ವಂತ ಮನೆ ಮಾಡಲಿಲ್ಲ. ಕಾಲೇಜು ಹಾಸ್ಟೆಲಿನ ರೂಮೇ ಮನೆಯಾಗಿತ್ತು. 2005ರ ಜನವರಿ 31ರಂದು ತೀರಿಕೊಂಡರು. ಅವರು ಕಟ್ಟಿದ ಸೈನ್ಸ್ ಫೋರಂ ಅವರ ನಂತರವೂ ಮುಂದುವರಿದಿದೆ.