ಪೇಪರ್ ಹಾಕುತ್ತಿದ್ದ ಹುಡುಗನ ಊರಿನಲ್ಲಿ ಒಂದು ದಿನ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನದ ಬಗ್ಗೆ ಲೇಖನ ಬರೆದುಕೊಡಿ ಸಾರ್ ಎಂದು ಸಮಿತಿಯ ಹುಡುಗರು ಮನೆಗೆ ಬಂದು ಕೇಳಿದರು. ಹುಡುಗರೇನು, ಅವರಿಗೂ ಈಗ ತಲೆ ನರೆತಿದೆ. ವಿಶ್ವೇಶ್ವರಯ್ಯನವರನ್ನು, ಅಂಬೇಡ್ಕರರನ್ನು, ಕುವೆಂಪು ಅವರನ್ನು ಬೇರೆ ಶಿಕ್ಷಕ ಮಿತ್ರರು ಆಗಲೇ ಹಂಚಿಕೊಂಡಾಗಿತ್ತು. ಹಾಗಾದರೆ ನಾನು ವಾಲ್ಟ್ ಡಿಸ್ನಿಯ ಬಗ್ಗೆ ಬರೆಯುತ್ತೇನೆ ಎಂದೆ. ಹುಡುಗರು ಮುಖ ಮುಖ ನೋಡಿಕೊಂಡರು. ಸಮಾಜ ವಿಜ್ಞಾನದ ಮೇಷ್ಟ್ರಿಗೂ ಮಿಕಿ ಮೌಸಿಗೂ ಏನು ಸಂಬಂಧ ಎಂದು ಅವರಿಗೆ ಅನ್ನಿಸಿರಬೇಕು. ಸಂಬಂಧ ಇದೆ. ಅದನ್ನು ಹೇಳುವುದಕ್ಕಾಗಿಯೇ ಬರೆಯುತ್ತಿದ್ದೇನೆ.

2018ರ ಅಕ್ಟೋಬರಿನಲ್ಲಿ ನಾನು, ನಮ್ಮ ಮನೆಯವರು ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅನಾಹೈಮ್ ಎಂಬ ಊರಿನಲ್ಲಿರುವ ಡಿಸ್ನಿಲ್ಯಾಂಡ್ ಅವರ ಮನೆಗೆ ಹತ್ತಿರ. ಮೊಮ್ಮಗನ ಶಾಲೆಗೆ ರಜೆಯಿದ್ದ ದಿನ ಅಳಿಯಂದಿರು ಎಲ್ಲರಿಗೂ ಟಿಕೆಟ್ ತೆಗೆಸಿಬಿಟ್ಟಿದ್ದರು. ತಲೆಗೆ ನೂರು ಡಾಲರಿಗೂ ಮೇಲೆ. ರೂಪಾಯಿಗೆ ತಿರುಗಿಸಿ ನೋಡಬೇಡಿ ಅಪ್ಪಾ ಎಂದು ಮಗಳು ಮೊದಲೇ ಹೇಳಿದ್ದಳು. ನಾನು ತಿರುಗಿಸಿಯೇ ನೋಡಿದೆ. ನಾನು ಕೆಲಸಕ್ಕೆ ಸೇರಿದಾಗಿನ ಹೆಚ್ಚು ಕಡಿಮೆ ಒಂದು ವರ್ಷದ ಸಂಬಳ. ಮಕ್ಕಳ ಆಟದ ಜಾಗಕ್ಕೆ ನಾನೇಕೆ, ನೀವು ಹೋಗಿ ಬನ್ನಿ ಎಂದು ಹಟ ಹಿಡಿದೆ. ಆಗ ಮಗಳು ಊರಿನ ಲೈಬ್ರರಿಯಿಂದ ಡಿಸ್ನಿಯ ಜೀವನ ಚರಿತ್ರೆಯ ಒಂದು ದಪ್ಪ ಪುಸ್ತಕ ತಂದು ಮುಂದಿಟ್ಟಳು. ಅಪ್ಪನಿಗೆ ಪುಸ್ತಕ ಕೊಟ್ಟರೆ ಅಪ್ಪ ಬಗ್ಗುತ್ತಾರೆ ಎಂಬುದು ಅವಳಿಗೆ ಚಿಕ್ಕಂದಿನಿಂದ ಗೊತ್ತು.

ವಾಲ್ಟ್ ಹುಟ್ಟಿದ್ದು 1901ರ ಡಿಸೆಂಬರ್ 5ರಂದು, ಷಿಕಾಗೋ ನಗರದಲ್ಲಿ. ತಂದೆ ಎಲಿಯಾಸ್ ಬಡಗಿ, ಮನೆ ಕಟ್ಟುವ ಕೆಲಸದವರು. 1893ರ ಷಿಕಾಗೋ ವಿಶ್ವ ಮೇಳದ ಕಟ್ಟಡಗಳಿಗೆ ಮರಗೆಲಸ ಮಾಡಿದವರಲ್ಲಿ ಅವರೂ ಒಬ್ಬರು. ನಮ್ಮ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಅದೇ ಮೇಳದ ಅಂಗವಾಗಿ. ತಾಯಿ ಫ್ಲೋರಾ ಮದುವೆಗೆ ಮುಂಚೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ನಾಲ್ವರು ಗಂಡುಮಕ್ಕಳಲ್ಲಿ ವಾಲ್ಟ್ ಕೊನೆಯವನು. ಅವನ ಬೆನ್ನಿಗೆ ಒಬ್ಬ ತಂಗಿ.

1906ರಲ್ಲಿ ಸಂಸಾರ ಮಿಸೌರಿ ರಾಜ್ಯದ ಮಾರ್ಸಲೀನ್ ಎಂಬ ಪುಟ್ಟ ಊರಿಗೆ ಬಂದು ಬೇಸಾಯ ಹಿಡಿಯಿತು. ಹಂದಿ, ಕೋಳಿ, ಸೇಬಿನ ಗಿಡ, ಊರ ಬದಿಯಲ್ಲೇ ಹಾದುಹೋಗುವ ರೈಲು. ನಾಲ್ಕೇ ವರ್ಷ ಅಲ್ಲಿದ್ದದ್ದು. ಆದರೆ ಸಾಯುವತನಕ ಆತ ನೆನೆದದ್ದು ಆ ಊರನ್ನೇ. ನೆರೆಯ ಡಾಕ್ಟರೊಬ್ಬರು ತಮ್ಮ ಕುದುರೆಯ ಚಿತ್ರ ಬರೆಸಿ ಹುಡುಗನಿಗೆ ಕಾಸು ಕೊಟ್ಟರಂತೆ. ಇನ್ನೊಮ್ಮೆ ಅಣ್ಣ ತಂಗಿ ಸೇರಿ ಮನೆಯ ಬಿಳಿ ಗೋಡೆಗೆ ಡಾಂಬರಿನಲ್ಲಿ ಚಿತ್ರ ಬಳಿದು ಅಪ್ಪನ ಕೈಯಲ್ಲಿ ಸಿಕ್ಕಿಬಿದ್ದರು. ಅಪ್ಪ ಬಹಳ ಗಟ್ಟಿ ಮನುಷ್ಯ. ದೊಡ್ಡ ಮಕ್ಕಳಿಬ್ಬರು ಅವರ ಜೊತೆ ಏಗಲಾರದೆ ಮನೆ ಬಿಟ್ಟು ಓಡಿದರು. ಎಲಿಯಾಸ್ ಕಾಯಿಲೆ ಬಿದ್ದರು, ಹೊಲ ಮಾರಿದರು, ಕಾನ್ಸಾಸ್ ಸಿಟಿಗೆ ಬಂದು ಪೇಪರ್ ಹಂಚುವ ಲೈನ್ ಹಿಡಿದರು. ಹಂಚುವ ಕೆಲಸ ಉಳಿದ ಇಬ್ಬರು ಮಕ್ಕಳದು, ರಾಯ್ ಮತ್ತು ವಾಲ್ಟ್. ವಾಲ್ಟನಿಗೆ ಆಗ ಒಂಬತ್ತು ವರ್ಷ.

ಬೆಳಗಿನ ಜಾವ ನಾಲ್ಕೂವರೆಗೆ ಏಳಬೇಕು. ಶಾಲೆಗೆ ಮುಂಚೆ ಬೆಳಗಿನ ಪೇಪರ್, ಶಾಲೆ ಬಿಟ್ಟ ಮೇಲೆ ಸಂಜೆಯ ಪೇಪರ್. ಪೇಪರನ್ನು ಗೇಟಿನಿಂದ ಎಸೆಯಕೂಡದು, ಹೋಗಿ ಬಾಗಿಲ ಒಳಗಿಟ್ಟು ಬರಬೇಕು ಎಂದು ಅಪ್ಪನ ಅಪ್ಪಣೆ. ಚಳಿಗಾಲದಲ್ಲಿ ಎದೆಮಟ್ಟ ಹಿಮ. ಸಂಬಳವಿಲ್ಲ, ಅನ್ನ ಬಟ್ಟೆ ಕೊಡುತ್ತಿದ್ದೇನಲ್ಲ ಎಂಬುದು ಅಪ್ಪನ ಲೆಕ್ಕ. ಹೀಗೆ ಆರು ವರ್ಷಕ್ಕೂ ಹೆಚ್ಚು ಕಾಲ. ತರಗತಿಯಲ್ಲಿ ಹುಡುಗ ತೂಕಡಿಸುತ್ತಿದ್ದ, ನಿದ್ದೆ ಹೋಗುತ್ತಿದ್ದ, ಅಂಕಗಳು ಕೆಳಗಿಳಿದವು. ದೊಡ್ಡವನಾಗಿ ಪ್ರಪಂಚಕ್ಕೆಲ್ಲ ಹೆಸರಾದ ಮೇಲೂ, ಯಾವುದೋ ಮನೆಗೆ ಪೇಪರ್ ಹಾಕುವುದು ಬಿಟ್ಟುಹೋಯಿತೆಂದು ಕನಸು ಬಿದ್ದು ಬೆಚ್ಚಿ ಏಳುತ್ತಿದ್ದನಂತೆ.

ಈ ಪುಟದಲ್ಲಿ ಪುಸ್ತಕ ಮುಚ್ಚಿ ಬಾಲ್ಕನಿಗೆ ಹೋಗಿ ಕೂತೆ. ಕಾಫಿ ತಂದ ಮಗಳು ಏನಾಯಿತಪ್ಪಾ ಎಂದಳು. ಏನಿಲ್ಲಮ್ಮ, ಡಿಸ್ನಿಲ್ಯಾಂಡಿಗೆ ಬರುತ್ತೇನೆ ಎಂದೆ.

ಬೆಳಿಗ್ಗೆ ಎಂಟಕ್ಕೇ ಗೇಟಿನ ಮುಂದೆ ನಮ್ಮ ಜಾತ್ರೆಯಷ್ಟು ಜನ. ಆದರೆ ನೂಕಿಲ್ಲ, ನುಗ್ಗಿಲ್ಲ. ಒಳಗೆ ಹೋದೊಡನೆ ಸಿಗುವುದು ಮೇನ್ ಸ್ಟ್ರೀಟ್ ಎಂಬ ಬೀದಿ. ಅದು ಬೇರೆ ಯಾವುದೂ ಅಲ್ಲ, ನಾಲ್ಕು ವರ್ಷ ಬದುಕಿದ ಆ ಮಾರ್ಸಲೀನಿನ ಬೀದಿಯನ್ನು ನೆನಪಿನಿಂದ ಎತ್ತಿ ತಂದು ಚೆಂದ ಮಾಡಿ ನಿಲ್ಲಿಸಿದ್ದು. ಕುದುರೆ ಎಳೆಯುವ ಟ್ರಾಮ್, ಮಿಠಾಯಿ ಅಂಗಡಿ, ಸುತ್ತ ಓಡುವ ರೈಲು. ಕಟ್ಟಡಗಳ ಮೇಲಿನ ಅಂತಸ್ತುಗಳನ್ನು ಕೆಳಗಿನದಕ್ಕಿಂತ ಚಿಕ್ಕದಾಗಿ ಕಟ್ಟಿದ್ದಾರೆ, ಹಾಗಾಗಿ ಇರುವುದಕ್ಕಿಂತ ಎತ್ತರವಾಗಿ ಕಾಣುತ್ತವೆ. ಬೀದಿಯ ಕೊನೆಯ ಅರಮನೆಯೂ ಇದೇ ಉಪಾಯದ್ದು. ಇರುವುದು 77 ಅಡಿ, ನಮ್ಮ ಶಾಲೆಯ ಹಿಂದಿನ ತೆಂಗಿನ ಮರಕ್ಕಿಂತ ಸ್ವಲ್ಪ ಎತ್ತರ ಅಷ್ಟೆ. ಕೆಳಗೆ ದೊಡ್ಡ ಕಲ್ಲು, ಮೇಲೆ ಹೋದಂತೆ ಚಿಕ್ಕ ಕಲ್ಲು ಜೋಡಿಸಿ ಕಣ್ಣಿಗೆ ಮೋಸ ಮಾಡಿದ್ದಾರೆ.

ಮೊಮ್ಮಗ ಕೈ ಎಳೆಯುತ್ತಿದ್ದ. ನಾನು ತಲೆಯೆತ್ತಿ ಕಿಟಕಿಗಳನ್ನು ಹುಡುಕುತ್ತಿದ್ದೆ. ಆ ಬೀದಿಯ ಮಹಡಿ ಕಿಟಕಿಗಳ ಮೇಲೆ, ಡಿಸ್ನಿಯ ಜೊತೆ ದುಡಿದವರ ಹೆಸರುಗಳನ್ನು ಅಂಗಡಿಯ ಬೋರ್ಡಿನಂತೆ ಬರೆದಿದ್ದಾರೆಂದು ಪುಸ್ತಕದಲ್ಲಿ ಓದಿದ್ದೆ. ಕೊನೆಗೆ ಸಿಕ್ಕಿತು. ಎಲಿಯಾಸ್ ಡಿಸ್ನಿ, ಕಂಟ್ರಾಕ್ಟರ್, ಸ್ಥಾಪನೆ 1895. ಬಡ ಬಡಗಿಯಾಗಿ, ಸೋತ ರೈತನಾಗಿ, ಮಗನಿಗೆ ಬಿಡಿಗಾಸು ಕೊಡದೆ ದುಡಿಸಿದ ಅಪ್ಪ. ಅಪ್ಪ ಸತ್ತು ಎಷ್ಟೋ ವರ್ಷದ ಮೇಲೆ ಮಗ ಕಟ್ಟಿದ ಊರಿನಲ್ಲಿ ಅಪ್ಪನಿಗೊಂದು ಕಿಟಕಿ. ಅಲ್ಲಿ ಸ್ವಲ್ಪ ಹೊತ್ತು ನಿಂತೆ. ಫೋಟೊ ತೆಗೆಯಿರಿ ಎಂದು ಅಳಿಯಂದಿರಿಗೆ ಹೇಳಿದರೆ, ಅರಮನೆ ಆ ಕಡೆ ಇದೆ ಮಾವ ಎಂದರು.

ಡಿಸ್ನಿಯ ನಡುವಿನ ಬದುಕು ಬಹುತೇಕರಿಗೆ ಗೊತ್ತಿರುವುದೇ. ಹೈಸ್ಕೂಲಿನಲ್ಲಿ ಶಾಲಾ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದ ಹುಡುಗ, ಹದಿನಾರಕ್ಕೇ ಶಾಲೆ ಬಿಟ್ಟು, ಹುಟ್ಟಿದ ದಿನಾಂಕ ತಿದ್ದಿ ರೆಡ್ ಕ್ರಾಸ್ ಆಂಬುಲೆನ್ಸ್ ದಳ ಸೇರಿದ. ಫ್ರಾನ್ಸ್ ಮುಟ್ಟುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. ವಾಪಸು ಬಂದು ಕಾನ್ಸಾಸ್ ಸಿಟಿಯಲ್ಲಿ ತೆರೆದ ಕಾರ್ಟೂನ್ ಕಂಪನಿ 1923ರಲ್ಲಿ ದಿವಾಳಿ. ಜೇಬಿನಲ್ಲಿ ನಲವತ್ತು ಡಾಲರ್ ಇಟ್ಟುಕೊಂಡು ಹಾಲಿವುಡ್ ರೈಲು ಹತ್ತಿದ. ಅಲ್ಲಿ ಕ್ಷಯ ಬಂದು ಆಸ್ಪತ್ರೆಯಲ್ಲಿದ್ದ ಅಣ್ಣ ರಾಯ್‌ನನ್ನು ಸೇರಿಸಿಕೊಂಡು ಅದೇ ವರ್ಷ ಅಕ್ಟೋಬರಿನಲ್ಲಿ ಸ್ಟುಡಿಯೊ ಶುರು. ಓಸ್ವಾಲ್ಡ್ ಎಂಬ ಮೊಲದ ಪಾತ್ರ ಗೆದ್ದಿತು. ಆದರೆ 1928ರಲ್ಲಿ ಮೊಲದ ಹಕ್ಕು ತನ್ನದಲ್ಲ ಎಂದು ಗೊತ್ತಾಯಿತು, ಚಿತ್ರಕಾರರಲ್ಲಿ ಹೆಚ್ಚಿನವರನ್ನು ವಿತರಕ ಆಗಲೇ ಸೆಳೆದುಕೊಂಡಿದ್ದ. ಕೈಬಿಡದೆ ಉಳಿದ ಗೆಳೆಯ ಅಬ್ ಐವರ್ಕ್ಸ್ ಜೊತೆ ಸೇರಿ ಹುಟ್ಟಿಸಿದ್ದೇ ಇಲಿ. ಮಾರ್ಟಿಮರ್ ಎಂದು ಆತ ಇಟ್ಟಿದ್ದ ಹೆಸರನ್ನು ಬದಲಿಸಿ ಮಿಕಿ ಎಂದು ಮಾಡಿಸಿದ್ದು ಹೆಂಡತಿ ಲಿಲಿಯನ್. ಆ ವರ್ಷ ನವೆಂಬರ್ 18ರಂದು ಮಾತು ಸಂಗೀತಗಳೊಂದಿಗೆ ಮಿಕಿ ತೆರೆಗೆ ಬಂದ. ಬಹಳ ವರ್ಷ ಇಲಿಗೆ ದನಿ ಕೊಟ್ಟದ್ದೂ ಡಿಸ್ನಿಯೇ. 1937ರ ಡಿಸೆಂಬರಿನಲ್ಲಿ ಸ್ನೋ ವೈಟ್ ಬಂತು. ಮರುವರ್ಷ ಹಾರ್ವರ್ಡ್ ಮತ್ತು ಯೇಲ್ ವಿಶ್ವವಿದ್ಯಾಲಯಗಳು ಈ ಹೈಸ್ಕೂಲ್ ಮುಗಿಸದವನಿಗೆ ಗೌರವ ಪದವಿ ಕೊಟ್ಟವು.

ಅದೇ 1938ರ ನವೆಂಬರಿನಲ್ಲಿ ಬಿದ್ದ ಪೆಟ್ಟು ಮಾತ್ರ ಆತನನ್ನು ಬಿಟ್ಟುಹೋಗಲಿಲ್ಲ. ಅಣ್ಣ ತಮ್ಮ ಸೇರಿ ಅಪ್ಪ ಅಮ್ಮನಿಗೆ ಕೊಡಿಸಿದ್ದ ಹೊಸ ಮನೆಯಲ್ಲಿ, ಚಳಿಗೆ ಹಾಕುವ ಕುಲುಮೆ ಕೆಟ್ಟು ವಿಷಾನಿಲ ತುಂಬಿ ತಾಯಿ ತೀರಿಕೊಂಡರು. ಪ್ರೀತಿಯಿಂದ ಕೊಟ್ಟ ಮನೆಯೇ ಹಾಗೆ ಮಾಡಿತು. ಆ ವಿಷಯವನ್ನು ಆಮೇಲೆ ಆತ ಎತ್ತುತ್ತಲೇ ಇರಲಿಲ್ಲವಂತೆ.

ಇನ್ನೊಂದನ್ನು ಮುಚ್ಚಿಟ್ಟು ಬರೆಯುವುದು ನ್ಯಾಯವಲ್ಲ. 1941ರ ಮೇ ತಿಂಗಳಲ್ಲಿ ಅವನ ಚಿತ್ರಕಾರರು ಸಂಬಳದ ತಾರತಮ್ಯ, ಸಂಘದ ಹಕ್ಕು ಎಂದು ಮುಷ್ಕರ ಹೂಡಿದರು. ಡಿಸ್ನಿ ಅದನ್ನು ಮನೆಮಂದಿ ಮಾಡಿದ ದ್ರೋಹವೆಂದು ತೆಗೆದುಕೊಂಡ. ಆರು ವರ್ಷದ ಮೇಲೂ ಸಂಸತ್ತಿನ ಸಮಿತಿಯ ಮುಂದೆ ಮುಷ್ಕರದ ಮುಖಂಡರನ್ನು ಕಮ್ಯುನಿಸ್ಟರೆಂದು ಹೆಸರಿಸಿದ. ಸಂಬಳವಿಲ್ಲದೆ ದುಡಿದ ಹುಡುಗ ದೊಡ್ಡವನಾದಾಗ ತನ್ನ ಕೆಳಗಿನವರ ಸಂಬಳದ ಮಾತು ಅವನ ಕಿವಿಗೆ ಹೋಗಲಿಲ್ಲ. ಅಪ್ಪನ ಗುಣ ಎಲ್ಲೋ ಸ್ವಲ್ಪ ಇಳಿದುಬಂದಿತ್ತು ಎಂದು ನನ್ನ ಅನಿಸಿಕೆ.

ಪಾರ್ಕಿನ ಯೋಚನೆ ಹುಟ್ಟಿದ್ದು ಒಂದು ಬೆಂಚಿನ ಮೇಲೆ. ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ರಜೆಯ ದಿನ ಹೆಣ್ಣುಮಕ್ಕಳಿಬ್ಬರನ್ನು ಕರೆದೊಯ್ದು, ಅವರು ಕುದುರೆ ತೊಟ್ಟಿಲು ಸುತ್ತುವಾಗ ತಾನು ಕಡಲೆಕಾಯಿ ತಿನ್ನುತ್ತ ಕೂತಿರುತ್ತಿದ್ದ. ಮಕ್ಕಳೂ ದೊಡ್ಡವರೂ ಒಟ್ಟಿಗೆ ಆಡುವ ಜಾಗ ಏಕಿಲ್ಲ ಎಂದು ತಲೆಗೆ ಹೊಕ್ಕಿತು. ರಾಯ್ ಬೇಡವೆಂದ, ಬ್ಯಾಂಕಿನವರು ತಲೆಯಾಡಿಸಿದರು. ಡಿಸ್ನಿ ತನ್ನ ಜೀವವಿಮೆಯ ಮೇಲೆ ಸಾಲ ತೆಗೆದ. ಕೊನೆಗೆ ಒಂದು ಟಿವಿ ಕಂಪನಿಯ ಹಣ ಸೇರಿತು. 160 ಎಕರೆ ಕಿತ್ತಳೆ ತೋಟ ಕಡಿದು, ಒಂದು ಕೋಟಿ ಎಪ್ಪತ್ತು ಲಕ್ಷ ಡಾಲರ್ ಸುರಿದು, ಒಂದೇ ವರ್ಷದಲ್ಲಿ ಕಟ್ಟಿ 1955ರ ಜುಲೈ 17ರಂದು ಬಾಗಿಲು ತೆರೆದರು. ಆ ದಿನದ ಫಜೀತಿ ಓದಿದರೆ ನಮ್ಮ ಶಾಲಾ ವಾರ್ಷಿಕೋತ್ಸವಗಳೇ ವಾಸಿ. ಖೋಟಾ ಟಿಕೆಟ್ ಹಿಡಿದು ಸಾವಿರಾರು ಜನ ನುಗ್ಗಿದರು. ಬಿಸಿಲಿಗೆ ಹೊಸ ಡಾಂಬರು ಕರಗಿ ಹೆಂಗಸರ ಎತ್ತರದ ಚಪ್ಪಲಿಗಳು ಹೂತವು. ಕೊಳಾಯಿ ಕೆಲಸದವರ ಮುಷ್ಕರದಿಂದ ಎಷ್ಟೋ ನಲ್ಲಿಗಳಲ್ಲಿ ನೀರಿಲ್ಲ. ಇದೆಲ್ಲ ಟಿವಿಯಲ್ಲಿ ನೇರ ಪ್ರಸಾರ, ನಿರೂಪಕರಲ್ಲಿ ಒಬ್ಬರು ಮುಂದೆ ಅಧ್ಯಕ್ಷರಾದ ರೇಗನ್. ಆದರೂ ಎರಡು ತಿಂಗಳೊಳಗೆ ಹತ್ತು ಲಕ್ಷ ಜನ ಬಂದರು.

ನಾವು ಮಧ್ಯಾಹ್ನದವರೆಗೆ ಸರತಿಯಲ್ಲೇ ನಿಂತೆವು. ಜಂಗಲ್ ಕ್ರೂಸ್ ಎಂಬ ದೋಣಿಯಲ್ಲಿ ಹೋಗುವಾಗ ನೀರಲ್ಲಿ ಮೀಯುವ ಆನೆಗಳು ಸೊಂಡಿಲಿನಿಂದ ನೀರು ಚಿಮ್ಮಿಸಿದವು. ಎಲ್ಲ ಯಂತ್ರದವು. ಸಕ್ರೆಬೈಲಿನಲ್ಲಿ ನಿಜವಾದವನ್ನು ಪುಕ್ಕಟೆ ಅನ್ನುವ ಹಾಗೆ ನೋಡಬಹುದಲ್ಲ ಎಂದು ನಮ್ಮ ಮನೆಯವರು ನಕ್ಕರು. ದೇಶದೇಶಗಳ ಬೊಂಬೆಗಳು ಕುಣಿಯುವ ಇನ್ನೊಂದು ದೋಣಿಯಾನದಲ್ಲಿ ಮಾತ್ರ ದಸರೆಯ ಬೊಂಬೆ ನೆನೆದು ಅವರಿಗೆ ಬಹಳ ಖುಷಿ.

ಮೂರು ಗಂಟೆಗೆ ಕಾಲು ಸೋತು, ಎಲ್ಲರನ್ನೂ ಮುಂದೆ ಕಳಿಸಿ, ನಾನೊಬ್ಬನೇ ಲಿಂಕನ್ ಪ್ರದರ್ಶನದ ಕಟ್ಟಡ ಹೊಕ್ಕೆ. ಹೊರ ಅಂಗಳದಲ್ಲಿ ಆ ಗ್ರಿಫಿತ್ ಪಾರ್ಕಿನ ಬೆಂಚು ಇಟ್ಟಿದ್ದಾರೆ. ಒಳಗೆ ಯಂತ್ರದ ಲಿಂಕನ್ ಕುರ್ಚಿಯಿಂದ ಎದ್ದು ನಿಂತು ಭಾಷಣ ಮಾಡಿದ. 1965ರಲ್ಲಿ ಮೊದಲು ಅಲ್ಲಿಗೆ ಬಂದವನು. ಆ ಲಿಂಕನ್‌ಗೂ ಒಂದು ಕಥೆಯಿದೆ. ಐದನೇ ತರಗತಿಯಲ್ಲಿ, ಲಿಂಕನ್ ಹುಟ್ಟಿದ ದಿನ, ಯಾರೂ ಹೇಳದೆಯೇ ವಾಲ್ಟ್ ಅಪ್ಪನ ಕೋಟು ಹಾಕಿಕೊಂಡು, ರಟ್ಟಿನ ಟೋಪಿ ಮಾಡಿಕೊಂಡು, ಗಡ್ಡ ಅಂಟಿಸಿಕೊಂಡು, ಲಿಂಕನ್ನರ ಗೆಟಿಸ್‌ಬರ್ಗ್ ಭಾಷಣ ಬಾಯಿಪಾಠ ಮಾಡಿ ಶಾಲೆಗೆ ಬಂದ. ಬೆಳಗಿನ ಪೇಪರ್ ಹಾಕಿ ಬಂದು ತೂಕಡಿಸುವ ಅದೇ ಹುಡುಗ. ಹೆಡ್‌ಮಾಸ್ಟರು ಗದರಲಿಲ್ಲ. ಕೈ ಹಿಡಿದು ಒಂದೊಂದೇ ತರಗತಿಗೆ ಕರೆದೊಯ್ದು ಎಲ್ಲ ಮಕ್ಕಳ ಮುಂದೆ ಭಾಷಣ ಮಾಡಿಸಿದರು.

ಕತ್ತಲೆಯಲ್ಲಿ ಕೂತು ನಾನು ನೆನೆದದ್ದು ನಮ್ಮ ಶಾಲೆಯ ಎಂಟನೇ ತರಗತಿ ಬಿ ವಿಭಾಗದ ಹಿಂದಿನ ಬೆಂಚನ್ನು. 1980ರ ದಶಕ. ಬೆಳಗಿನ ಮೊದಲ ಬಸ್ಸಿನಲ್ಲಿ ಬರುವ ಪೇಪರ್ ಕಟ್ಟು ಇಳಿಸಿಕೊಂಡು, ಸೈಕಲ್ಲಿನಲ್ಲಿ ಮೂರು ಊರು ಸುತ್ತಿ, ಶಾಲೆಗೆ ಬರುತ್ತಿದ್ದ ಒಬ್ಬ ಹುಡುಗ. ಎರಡನೇ ಪೀರಿಯಡ್ ನನ್ನದು. ಅಷ್ಟು ಹೊತ್ತಿಗೆ ಅವನ ತಲೆ ಡೆಸ್ಕಿಗೆ ತಾಗುತ್ತಿತ್ತು. ಕಿವಿ ಹಿಂಡಿದ್ದೇನೆ, ಬೆಂಚಿನ ಮೇಲೆ ನಿಲ್ಲಿಸಿದ್ದೇನೆ, ಒಂದು ದಿನ ಬೆತ್ತ ಮುರಿಯುವ ಹಾಗೆ ಹೊಡೆದಿದ್ದೇನೆ. ನಾನು ದಿನಾ ಕಾಫಿಯ ಜೊತೆ ಓದುತ್ತಿದ್ದ ಪೇಪರನ್ನು ನನ್ನ ಜಗಲಿಗೆ ತಂದು ಹಾಕುತ್ತಿದ್ದವನೂ ಅವನೇ. ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡನ್ನೂ ಜೋಡಿಸಿ ನೋಡಿರಲಿಲ್ಲ. ಒಂಬತ್ತನೇ ತರಗತಿಯ ನಡುವೆ ಅವನು ಶಾಲೆ ಬಿಟ್ಟ. ಪೇಪರ್ ಮಾತ್ರ ಇನ್ನೂ ಎರಡು ವರ್ಷ ತಪ್ಪದೆ ಬರುತ್ತಿತ್ತು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿಗೆ ಕೆಂಪು ಗೆರೆ ಎಳೆದವನು ನಾನೇ.

ಡಿಸ್ನಿ ಶ್ವಾಸಕೋಶದ ಕ್ಯಾನ್ಸರಿನಿಂದ 1966ರ ಡಿಸೆಂಬರ್ 15ರಂದು ತೀರಿಕೊಂಡ. ಅರವತ್ತೈದು ತುಂಬಿ ಹತ್ತೇ ದಿನ. ಅವನ ದೇಹವನ್ನು ಮಂಜುಗಡ್ಡೆಯಲ್ಲಿ ಕಾಪಿಟ್ಟಿದ್ದಾರೆಂಬುದು ಬರೀ ಕಟ್ಟುಕಥೆ, ದಹನ ಮಾಡಿದರು. ಫ್ಲಾರಿಡಾದಲ್ಲಿ ಆತ ನೆನೆದಿದ್ದ ದೊಡ್ಡ ಪಾರ್ಕನ್ನು ಮುದುಕ ಅಣ್ಣ ರಾಯ್ ನಿವೃತ್ತಿ ಮುಂದೂಡಿ ಕಟ್ಟಿಸಿ, 1971ರ ಅಕ್ಟೋಬರಿನಲ್ಲಿ ತಮ್ಮನ ಪೂರ್ತಿ ಹೆಸರಿಟ್ಟು ತೆರೆದ. ಎರಡು ತಿಂಗಳ ಮೇಲೆ ತಾನೂ ಹೋದ. ಪೇಪರ್ ಹಂಚುವಾಗ ಜೊತೆಗಿದ್ದ ಅಣ್ಣ.

ರಾತ್ರಿ ಹೊರಡುವಾಗ ಮೇನ್ ಸ್ಟ್ರೀಟಿನ ಫೈರ್ ಸ್ಟೇಷನ್ನಿನ ಮಹಡಿ ಕಿಟಕಿಯಲ್ಲಿ ಒಂದು ದೀಪ ಉರಿಯುತ್ತಿತ್ತು. ಡಿಸ್ನಿ ಅಲ್ಲಿ ಚಿಕ್ಕದೊಂದು ಮನೆ ಮಾಡಿಕೊಂಡಿದ್ದ. ಆ ದೀಪವನ್ನು ಇಂದಿಗೂ ಆರಿಸುವುದಿಲ್ಲ. ನಿದ್ದೆ ಹೋದ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡಿದ್ದ ಅಳಿಯಂದಿರು ತಾವಾಗಿಯೇ ನಿಂತು, ಮಾವ, ಬೆಳಿಗ್ಗೆ ಕೇಳಿದಿರಲ್ಲ ಎಂದು ಆ ಕಂಟ್ರಾಕ್ಟರ್ ಕಿಟಕಿಯ ಫೋಟೊ ತೆಗೆದುಕೊಟ್ಟರು. ಕತ್ತಲಲ್ಲಿ ಅಕ್ಷರ ಸರಿಯಾಗಿ ಬಿದ್ದಿಲ್ಲ.

ನಮ್ಮ ಆ ಹುಡುಗ ಈಗ ತಾಲ್ಲೂಕು ಕೇಂದ್ರದಲ್ಲಿ ಇದ್ದಾನೆಂದು ಸಮಿತಿಯವರು ಹೇಳಿದರು. ಆಹ್ವಾನ ಪತ್ರಿಕೆಯನ್ನು ನೀವು ಕಳಿಸಬೇಡಿ, ನನಗೆ ಕೊಡಿ, ನಾನೇ ಹೋಗಿ ಕೊಟ್ಟು ಬರುತ್ತೇನೆ ಎಂದು ಇಸಿದುಕೊಂಡಿದ್ದೇನೆ. ಬರುವ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತಿದ್ದೇನೆ.