ಜಿ. ಕೆ. ವೆಂಕಟೇಶ್: ಹೊಸ ಲಯಕ್ಕೆ ಕನ್ನಡದ ನುಡಿ

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ತಳುಕು ಎಂಬ ಊರಿದೆ. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಹೆಸರು ಅಪರಿಚಿತವಲ್ಲ. ಟಿ. ಎಸ್. ವೆಂಕಣ್ಣಯ್ಯನವರ ಮನೆತನದ ಊರು ಅದು, ಕಾದಂಬರಿಕಾರ ತ. ರಾ. ಸುಬ್ಬರಾಯರೂ ಅದೇ ಮನೆತನದವರು. ಸುಬ್ಬರಾಯರು 1952ರಲ್ಲಿ ಪ್ರಕಟಿಸಿದ ‘ಹಂಸಗೀತೆ’ಯ ನಾಯಕ ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯ. ದೇವರಿಗೆ ಮೀಸಲಾದ ಗಾನವನ್ನು ದೊರೆಯ ಮುಂದೆ ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಂಡ ಆ ಕಲಾವಿದನ ಕಥೆ ನಮ್ಮ ಸೀಮೆಯ ಮನಸ್ಸಿನಲ್ಲಿ ಕಲೆಯ ಪರಮಾದರ್ಶವಾಗಿ ನಿಂತಿದೆ.

ಆದರೆ ಅದೇ ಹೆದ್ದಾರಿಯ ಬದಿಯ ಚಳ್ಳಕೆರೆಯ ಪೇಟೆಯಲ್ಲಿ, ನಾಯಕನಹಟ್ಟಿಯ ತೇರಿನ ಜನಸಂದಣಿಯಲ್ಲಿ, ಮೊಳಕಾಲ್ಮೂರಿನ ರೇಷ್ಮೆ ಮಗ್ಗಗಳ ಮನೆಗಳಲ್ಲಿ ತಲೆಮಾರುಗಳಿಂದ ಕೇಳಿಬಂದಿರುವ ಗಾನ ಬೇರೆ. ಅದು ಚಲನಚಿತ್ರದ ಹಾಡು. ಕೇಳಿದವರಿಗೆಲ್ಲ ದಕ್ಕುವ, ಯಾರ ಅಪ್ಪಣೆಗೂ ಕಾಯದ ಹಾಡು. ಅಂತಹ ನೂರಾರು ಹಾಡುಗಳನ್ನು ಕನ್ನಡಕ್ಕೆ ಕೊಟ್ಟು, ಪಾಶ್ಚಾತ್ಯ ಜನಪ್ರಿಯ ಸಂಗೀತದ ಹೊಸ ಲಯವು ನಮ್ಮ ನುಡಿಯೊಡನೆ ಬಾಳುವಂತೆ ಮಾಡಿದವರಲ್ಲಿ ಜಿ. ಕೆ. ವೆಂಕಟೇಶ್ ಅಗ್ರಗಣ್ಯರು. ಹಾಡನ್ನು ಬಲ್ಲವರು ಲಕ್ಷಾಂತರ. ಅವರ ಬಾಳನ್ನು ಬಲ್ಲವರು ವಿರಳ. ಈ ಅಂತರವನ್ನು ಸ್ವಲ್ಪವಾದರೂ ತುಂಬುವುದು ಈ ಬರಹದ ಉದ್ದೇಶ.

ವೆಂಕಟೇಶ್ ಹುಟ್ಟಿದ್ದು 1927ರಲ್ಲಿ, ಹೈದರಾಬಾದಿನಲ್ಲಿ. ಮನೆಮಾತು ತೆಲುಗು. ಗುರುಸಾಲ ಕೃಷ್ಣದಾಸ್ ವೆಂಕಟೇಶ್ ಎಂಬುದು ಪೂರ್ಣ ಹೆಸರು. ಎಳೆಯ ವಯಸ್ಸಿನಲ್ಲಿ ಅವರ ಕೈಗೆ ಬಂದ ವಾದ್ಯ ವೀಣೆ. ಮುಂದೆ ಅವರು ಯಾವ ಯಾವ ವಾದ್ಯಗಳನ್ನು ಮೇಳಕ್ಕೆ ಕರೆತಂದರೂ ಈ ಮೊದಲ ಪಾಠವನ್ನು ಮರೆಯಲಿಲ್ಲ. ದಕ್ಷಿಣ ಭಾರತದ ಬಹುಪಾಲು ಚಲನಚಿತ್ರಗಳು ಮದರಾಸಿನಲ್ಲಿ ತಯಾರಾಗುತ್ತಿದ್ದ ಕಾಲ ಅದು. ಒಂದೇ ಧ್ವನಿಮುದ್ರಣಶಾಲೆಯಲ್ಲಿ ಬೆಳಿಗ್ಗೆ ತಮಿಳು, ಮಧ್ಯಾಹ್ನ ತೆಲುಗು, ಸಂಜೆ ಕನ್ನಡ. ಅಂತಹ ನಗರದಲ್ಲಿ ಹಿರಿಯ ಸಂಗೀತ ನಿರ್ದೇಶಕರ ಸಹಾಯಕರಾಗಿ ದುಡಿದು, ವಾದ್ಯವೃಂದವನ್ನು ನಡೆಸುವ ಹದವನ್ನು ಅವರು ಕಲಿತರು. ಎಂ. ಎಸ್. ವಿಶ್ವನಾಥನ್ ಅವರ ಒಡನಾಟವೂ ಈ ಕಾಲದ್ದೇ.

ತೆಲುಗು ಮನೆಮಾತಿನವರೊಬ್ಬರು ಕನ್ನಡದ ಹಾಡಿನ ಮರ್ಮವನ್ನು ಅರಿತದ್ದು ಹೇಗೆಂದು ಬೇರೆಡೆಯವರು ಬೆರಗಾಗಬಹುದು. ಆಂಧ್ರದ ಗಡಿಗೆ ಅಂಟಿಕೊಂಡಿರುವ ಮೊಳಕಾಲ್ಮೂರಿನವರಿಗೆ ಇದರಲ್ಲಿ ಬೆರಗೇನೂ ಇಲ್ಲ. ಅಂಗಡಿಯಲ್ಲಿ ಒಂದು ಭಾಷೆ, ಅಡುಗೆಮನೆಯಲ್ಲಿ ಇನ್ನೊಂದು ಭಾಷೆ ಆಡುವ ಜನ ಇಲ್ಲಿ ಮನೆ ಮನೆಯಲ್ಲಿದ್ದಾರೆ. ಎರಡು ನುಡಿಗಳ ನಡುವೆ ಬೆಳೆದವರಿಗೆ ಮಾತಿನ ಏರಿಳಿತ, ಒತ್ತು, ಎಳೆತಗಳ ಬಗೆಗೆ ಕಿವಿ ಚುರುಕಾಗಿರುವುದು ಸಹಜ.

1950ರ ದಶಕದ ನಡುಭಾಗದಲ್ಲಿ ಅವರು ಕನ್ನಡ ಚಿತ್ರಗಳಿಗೆ ಸಂಗೀತ ನಿರ್ದೇಶನ ಮಾಡತೊಡಗಿದರು. 1956ರ ‘ಓಹಿಲೇಶ್ವರ’ ಚಿತ್ರದಲ್ಲಿ ಆಗಿನ್ನೂ ನಟರೆಂದಷ್ಟೇ ಹೆಸರಾಗಿದ್ದ ರಾಜಕುಮಾರ್ ಅವರ ಕಂಠ ಮೊದಲ ಬಾರಿಗೆ ಹಾಡಿನ ರೂಪದಲ್ಲಿ ಕೇಳಿಬಂದಿತು. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರೊಡನೆ ಅವರಿಂದ ಯುಗಳಗೀತೆಯನ್ನು ಹಾಡಿಸಿದವರೂ ವೆಂಕಟೇಶರೇ. ‘ದಶಾವತಾರ’, ‘ರಣಧೀರ ಕಂಠೀರವ’ ಮೊದಲಾದ ಪೌರಾಣಿಕ ಮತ್ತು ಐತಿಹಾಸಿಕ ಚಿತ್ರಗಳ ಸಂಗೀತವೆಲ್ಲ ರಾಗದ ಚೌಕಟ್ಟಿನಲ್ಲಿ, ಕಂಪನಿ ನಾಟಕದ ರಂಗಗೀತೆಗಳ ನೆರಳಿನಲ್ಲಿ ಬೆಳೆದದ್ದು. 1961ರ ‘ಕಣ್ತೆರೆದು ನೋಡು’ ಚಿತ್ರದಲ್ಲಿ ಕನ್ನಡಿಗರ ಒಗ್ಗಟ್ಟನ್ನು ಕುರಿತ ಗೀತೆಯನ್ನು ಅವರು ತಾವೇ ಹಾಡಿದರು. ರಾಜ್ಯ ಒಂದಾಗಿ ಆಗಿನ್ನೂ ಐದು ವರ್ಷ. ಕನ್ನಡಿಗರನ್ನು ಒಂದಾಗಿರೆಂದು ಕರೆದ ಕಂಠ ತೆಲುಗು ಮನೆಯದು. ಇಂದಿಗೂ ನವೆಂಬರ್ ತಿಂಗಳಲ್ಲಿ ಆ ಹಾಡು ಕೇಳದ ಊರಿಲ್ಲ.

ಇತ್ತ ಮದರಾಸಿನಲ್ಲಿ ಇದು ನಡೆಯುತ್ತಿದ್ದಾಗ ಅತ್ತ ಅಮೆರಿಕದಲ್ಲಿ ಜನಪ್ರಿಯ ಸಂಗೀತದ ಮುಖವೇ ಬದಲಾಗುತ್ತಿತ್ತು. ಕರಿಯ ಜನರ ಬ್ಲೂಸ್ ಹಾಡುಗಳು, ಅವರ ದೇವಾಲಯದ ಭಕ್ತಿಗೀತೆಗಳು, ಬಿಳಿಯ ಹಳ್ಳಿಗರ ಗ್ರಾಮಗೀತೆಗಳು ಬೆರೆತು ರಾಕ್ ಎಂಬ ಹೊಸ ಬಗೆ ಹುಟ್ಟಿತು. 1954ರಲ್ಲಿ ಮೆಂಫಿಸ್ ನಗರದ ಒಂದು ಸಣ್ಣ ಧ್ವನಿಮುದ್ರಣಶಾಲೆಯಲ್ಲಿ ಎಲ್ವಿಸ್ ಪ್ರೀಸ್ಲಿ ಹಾಡಿದ. 1955ರಲ್ಲಿ ಚಕ್ ಬೆರಿಯ ಮೊದಲ ತಟ್ಟೆ ಹೊರಬಂದಿತು. 1959ರಲ್ಲಿ 22ನೆಯ ವಯಸ್ಸಿಗೇ ವಿಮಾನಾಪಘಾತದಲ್ಲಿ ಮಡಿದ ಬಡ್ಡಿ ಹಾಲಿ, ಎರಡು ಗಿಟಾರು, ಒಂದು ಮಂದ್ರವಾದ್ಯ, ಒಂದು ಡ್ರಮ್ ಇಷ್ಟರಲ್ಲೇ ಮೇಳ ಪೂರ್ಣವಾಗಬಹುದೆಂದು ತೋರಿಸಿಕೊಟ್ಟಿದ್ದ. 1962ರಲ್ಲಿ ಮೊದಲ ತಟ್ಟೆ ಹೊರಡಿಸಿದ ಇಂಗ್ಲೆಂಡಿನ ಬೀಟಲ್ಸ್ ತಂಡದವರು ಆ ಒರಟು ಲಯಕ್ಕೆ ಇಂಪಾದ ಧಾಟಿಯನ್ನೂ ಹಲವು ಕಂಠಗಳ ಮೇಳವನ್ನೂ ಕೂಡಿಸಿದರು. ಹೀಗೆ ಮೃದುವಾದ ರಾಕ್ ಸಂಗೀತವೇ ಪಾಪ್ ರಾಕ್ ಎನಿಸಿಕೊಂಡಿತು.

ಇದರ ಲಕ್ಷಣಗಳು ಸರಳ. ನಾಲ್ಕು ಎಣಿಕೆಯ ತಾಳ. ಅದರಲ್ಲಿ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳ ಮೇಲೆ ಡ್ರಮ್ಮಿನ ಗಟ್ಟಿ ಪೆಟ್ಟು. ಮೂರೋ ನಾಲ್ಕೋ ಸ್ವರಗುಚ್ಛಗಳ ಆವರ್ತನೆ. ಮತ್ತೆ ಮತ್ತೆ ಮರಳಿ ಬರುವ ಪಲ್ಲವಿ. ವಿದ್ಯುತ್ ಗಿಟಾರಿನ ಮಿಡಿತ. ಸುಮಾರು ಮೂರು ನಿಮಿಷಗಳ ಅವಧಿ. ಈ ಮಿತಿ ಹಳೆಯ ತಟ್ಟೆಯ ಒಂದು ಮಗ್ಗುಲಲ್ಲಿ ಅಷ್ಟೇ ಹಿಡಿಯುತ್ತಿದ್ದುದರಿಂದ ಬಂದದ್ದು. ರಾಗವನ್ನು ಬಿಡಿಸಿ ಬಿಡಿಸಿ ತೋರಿಸುವ ನಮ್ಮ ಪದ್ಧತಿಗೂ ಇದಕ್ಕೂ ಅಜಗಜಾಂತರ. ಆದರೆ ಪಲ್ಲವಿ, ಚರಣ, ಮಿತವಾದ ಅವಧಿ ಇವು ಚಲನಚಿತ್ರದ ಹಾಡಿಗೂ ಸಲ್ಲುವ ಲಕ್ಷಣಗಳೇ. ಆದ್ದರಿಂದ ಹೊಸ ಸಂಗೀತ ನಮ್ಮ ನಾಡನ್ನು ಪ್ರವೇಶಿಸುವುದಕ್ಕೆ ಚಿತ್ರಗೀತೆಗಿಂತ ಹತ್ತಿರದ ಬಾಗಿಲು ಬೇರೊಂದಿರಲಿಲ್ಲ. ಮುಂಬಯಿಯಲ್ಲಿ ಆ ಬಾಗಿಲು ಆಗಲೇ ತೆರೆದಿತ್ತು. 1966ರಲ್ಲಿ ‘ತೀಸ್ರಿ ಮಂಜಿಲ್’ ಚಿತ್ರದ ಮೂಲಕ ರಾಹುಲ್ ದೇವ್ ಬರ್ಮನ್ ಅದನ್ನು ಇನ್ನೂ ಅಗಲವಾಗಿಸಿದರು.

ಅದೇ 1966ರಲ್ಲಿ ವೆಂಕಟೇಶ್ ಮಾಡುತ್ತಿದ್ದುದೇನು? ಅ. ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿದ ‘ಸಂಧ್ಯಾರಾಗ’ ಚಿತ್ರಕ್ಕೆ ಸಂಗೀತ. ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಅವರಂತಹ ವಿದ್ವಾಂಸರ ಕಂಠಗಳು ಕೂಡಿದ, ಸಂಗೀತಗಾರನ ಬಾಳನ್ನೇ ವಸ್ತುವಾಗಿ ಉಳ್ಳ ಚಿತ್ರ ಅದು. ಇದಾದ ಎರಡೇ ವರ್ಷಗಳಲ್ಲಿ, 1968ರಲ್ಲಿ, ದೊರೆ–ಭಗವಾನ್ ನಿರ್ದೇಶನದ ‘ಜೇಡರ ಬಲೆ’ ತೆರೆಕಂಡಿತು. ಆಂಗ್ಲ ಪತ್ತೇದಾರಿ ಚಿತ್ರಗಳ ಮಾದರಿಯಲ್ಲಿ ರಾಜಕುಮಾರ್ ಗೂಢಚಾರನಾಗಿ ಕಾಣಿಸಿಕೊಂಡ ಆ ಚಿತ್ರಕ್ಕೂ, ಅದರ ಬೆನ್ನಿಗೆ ಬಂದ ‘ಗೋವಾದಲ್ಲಿ ಸಿ.ಐ.ಡಿ. 999’ ಚಿತ್ರಕ್ಕೂ ಸಂಗೀತ ವೆಂಕಟೇಶರದೇ. ಸಂಧ್ಯೆಯ ರಾಗಕ್ಕೆ ಕೈಜೋಡಿಸಿದವರೇ ಗಿಟಾರು, ಬೊಂಗೊ, ಡ್ರಮ್ಮುಗಳನ್ನು ಮುಂದೆ ನಿಲ್ಲಿಸಿದರು. ಆಗ ಅವರಿಗೆ ವಯಸ್ಸು ನಲವತ್ತು ದಾಟಿತ್ತು. ಕಲಿತ ವಿದ್ಯೆಯಲ್ಲೇ ನೆಲೆನಿಂತು ಹಾಯಾಗಿ ಬಾಳಬಹುದಾದ ವಯಸ್ಸಿನಲ್ಲಿ ಹೊಸದಾಗಿ ಕಲಿಯಲು ಹೊರಟ ಧೈರ್ಯ ಸಾಮಾನ್ಯವಾದದ್ದಲ್ಲ.

ಇಲ್ಲಿಯೇ ಅವರ ಮುಂದೆ ನಿಜವಾದ ಸಮಸ್ಯೆ ಎದುರಾದದ್ದು. ಹೊಸ ಲಯ ಬಂದರೆ ಮಾತು ಅಡಗುತ್ತದೆ. ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಶಬ್ದವನ್ನು ತುಂಡರಿಸಿದರೆ ಹ್ರಸ್ವವು ದೀರ್ಘವಾಗಿ, ಒತ್ತಕ್ಷರ ಹಗುರಾಗಿ, ಕನ್ನಡವೇ ಪರಕೀಯವಾಗಿ ಕೇಳಿಸುತ್ತದೆ. ವೆಂಕಟೇಶರ ಒಳ್ಳೆಯ ಹಾಡುಗಳಲ್ಲಿ ಹೀಗಾಗುವುದಿಲ್ಲ. ಛಂದಸ್ಸನ್ನು ಕಲಿಸುವವರಿಗೆ ಇದರ ಕಾರಣ ಬೇಗ ಹೊಳೆಯುತ್ತದೆ. ನಾಲ್ಕು ನಾಲ್ಕು ಮಾತ್ರೆಗಳ ಗಣಗಳಲ್ಲಿ ಹೆಜ್ಜೆಯಿಡುವ ನಡೆ ಕನ್ನಡಕ್ಕೆ ಹೊಸದಲ್ಲ. ಮಂದಾನಿಲ ರಗಳೆಯ ನಡೆ ಅದೇ. ಮಾತಿನ ಮಾತ್ರೆ ಕೆಡದಂತೆ ಪದಗಳನ್ನು ಕೂರಿಸಬಲ್ಲ ಕವಿ, ಆ ಪದಗಳಿಗೆ ಎಡೆಗೊಡುವ ಸಂಗೀತಗಾರ ಇಬ್ಬರೂ ಕೂಡಿದರೆ ವಿದೇಶದ ತಾಳ ನಮ್ಮ ಅಂಗಳದ್ದೇ ಆಗುತ್ತದೆ. ಚಿ. ಉದಯಶಂಕರ್, ಹುಣಸೂರು ಕೃಷ್ಣಮೂರ್ತಿ, ಆರ್. ಎನ್. ಜಯಗೋಪಾಲ್ ಅವರಂತಹ ಗೀತರಚನಕಾರರು ಅವರಿಗೆ ದೊರೆತದ್ದು ನಮ್ಮ ಭಾಗ್ಯ.

ಮೊಳಕಾಲ್ಮೂರಿನ ಮಗ್ಗದ ಮುಂದೆ ಕುಳಿತು ನೋಡಿದವರಿಗೆ ಈ ಮಾತನ್ನು ಇನ್ನೂ ಸುಲಭವಾಗಿ ಹೇಳಬಹುದು. ಸೀರೆಗೆ ಹಾಸು ಬೇರೆ, ಹೊಕ್ಕು ಬೇರೆ. ಹಾಸು ಮೊದಲೇ ಬಿಗಿದು ನಿಂತಿರುತ್ತದೆ; ಹೊಕ್ಕಿನ ನೂಲು ಲಾಳಿಯೊಡನೆ ಓಡಾಡಿ ಬಣ್ಣ ತುಂಬುತ್ತದೆ. ಹಾಸು ಸಡಿಲವಾದರೆ ಎಂತಹ ಬಣ್ಣದ ನೂಲೂ ಬಟ್ಟೆಯಾಗದು. ವೆಂಕಟೇಶರ ಹಾಡಿನಲ್ಲಿ ಹಾಸಾಗಿ ನಿಂತದ್ದು ಕನ್ನಡದ ಮಾತು ಮತ್ತು ರಾಗದ ನೆನಪು. ಹೊಕ್ಕಾಗಿ ಓಡಾಡಿದ್ದು ಹೊಸ ವಾದ್ಯ, ಹೊಸ ಲಯ.

ಈ ಬಗೆಯ ಸಂಗೀತಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಪರದೇಶದ ಅನುಕರಣೆಯಿಂದ ನಮ್ಮದು ಕೆಡುತ್ತದೆಂಬ ಮಾತಿನಲ್ಲಿ ಸತ್ಯಾಂಶವಿದೆ. ಪತ್ತೇದಾರಿ ಚಿತ್ರಗಳ ಎಲ್ಲ ಹಾಡುಗಳೂ ಉಳಿದಿಲ್ಲ. ಸಂದರ್ಭದ ಅಗತ್ಯಕ್ಕೆ ಹುಟ್ಟಿ ಸಂದರ್ಭದೊಡನೆ ಮರೆಯಾದವೂ ಉಂಟು. ಆದರೆ ಹೊರಗಿನಿಂದ ಬಂದದ್ದೆಲ್ಲ ಕೆಡುಕೆನ್ನುವುದಾದರೆ ಪಿಟೀಲನ್ನೂ ಹಾರ್ಮೋನಿಯಮ್ಮನ್ನೂ ಇಟ್ಟುಕೊಂಡ ನಮಗೆ ಆ ಮಾತು ಒಪ್ಪುವುದಿಲ್ಲ. ಹರಿಹರನನ್ನು ರಗಳೆಯ ಕವಿಯೆಂದು ಹೀಯಾಳಿಸಿದರೆಂಬ ಐತಿಹ್ಯವನ್ನು ನಾವು ತರಗತಿಯಲ್ಲಿ ಹೇಳುತ್ತೇವೆ. ಜನರ ಬಾಯಿಗೆ ಸಲ್ಲುವ ಹಾಡುಗಬ್ಬವನ್ನು ಕೀಳೆಂದವರ ಹೆಸರು ಅಳಿದು ಹರಿಹರ ಉಳಿದ. ಚಿತ್ರಗೀತೆಯನ್ನು ಹರಿಹರನ ರಗಳೆಗೆ ಸಮವೆನ್ನುವುದು ನಮ್ಮ ಉದ್ದೇಶವಲ್ಲ. ಜನಪ್ರಿಯವಾದುದೆಂಬ ಒಂದೇ ಕಾರಣಕ್ಕೆ ಒಂದು ಕಲೆಯನ್ನು ತೂಗಿ ನೋಡದೆ ತಳ್ಳಬಾರದೆಂಬುದಷ್ಟೇ ನಮ್ಮ ಭಾವ.

ತೂಗಿ ನೋಡುವುದಕ್ಕೆ 1970ರ ದಶಕದ ಕೃತಿಗಳೇ ಸಾಕು. 1971ರ ‘ಕಸ್ತೂರಿ ನಿವಾಸ’ದಲ್ಲಿ, ಬೀಳಿಸಿದರೂ ಎದ್ದು ನಿಲ್ಲುವ ಗೊಂಬೆಯನ್ನು ನೆಪವಾಗಿಟ್ಟುಕೊಂಡು ಮನುಷ್ಯನ ಹಿರಿತನವನ್ನು ಹೇಳುವ ಗೀತೆ, 1972ರ ‘ಬಂಗಾರದ ಮನುಷ್ಯ’ದಲ್ಲಿ ರೈತನ ದುಡಿಮೆಗೆ ಹುರುಪು ತುಂಬುವ ಗೀತೆ. ಮಳೆ ಕಡಮೆಯಾದ, ಶೇಂಗಾ ಬೆಳೆಯನ್ನೇ ನಚ್ಚಿದ ಚಳ್ಳಕೆರೆಯ ಸೀಮೆಯಲ್ಲಿ ಇಂತಹ ಹಾಡು ಬರಿಯ ಮನರಂಜನೆಯಾಗಿ ಉಳಿಯುವುದು ಸಾಧ್ಯವಿರಲಿಲ್ಲ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆಯ ಬೆನ್ನೇರಿದ ನಾಯಕನ ಹಾಡನ್ನು ವೆಂಕಟೇಶ್ ರಾಜಕುಮಾರ್ ಅವರಿಂದಲೇ ಹಾಡಿಸಿದರು. ಅಲ್ಲಿಂದ ಮುಂದೆ ಆ ನಟರು ತಮ್ಮ ಪಾತ್ರಗಳಿಗೆ ತಾವೇ ಹಾಡುವುದು ರೂಢಿಯಾಯಿತು. ಹದಿನೆಂಟು ವರ್ಷಗಳ ಹಿಂದೆ ‘ಓಹಿಲೇಶ್ವರ’ದಲ್ಲಿ ಬಿತ್ತಿದ ಬೀಜ ಹೀಗೆ ಮರವಾಯಿತು.

ಅವರ ವ್ಯಾಪ್ತಿಯನ್ನು ಅಳೆಯಬೇಕಾದರೆ ಮುಂದಿನ ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. 1977ರ ‘ಸನಾದಿ ಅಪ್ಪಣ್ಣ’ಕ್ಕೆ ಉಸ್ತಾದ್ ಬಿಸ್ಮಿಲ್ಲಾ ಖಾನರೇ ಶಹನಾಯಿ ನುಡಿಸಿದರು, ಅದು ಹಳ್ಳಿಯ ವಾದ್ಯಗಾರನೊಬ್ಬನ ದುಃಖದ ಕಥೆ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಅದೇ ರಾಜಕುಮಾರ್ ಅವರಿಂದ ವೆಂಕಟೇಶ್ ಇಡಿಯ ಆಂಗ್ಲ ಗೀತೆಯೊಂದನ್ನು ಹಾಡಿಸಿದರು. ಪಾಪ್ ಸಂಗೀತದ ಹಗುರ ನಡೆ, ಪಾಶ್ಚಾತ್ಯ ಮೇಳ. ಶಾಲೆಯ ಓದು ಹೆಚ್ಚಿಲ್ಲದ ನಟರ ಬಾಯಲ್ಲಿ ಆಂಗ್ಲ ಮಾತು. ಹಾಸ್ಯಾಸ್ಪದವಾಗಬಹುದಾಗಿದ್ದ ಆ ಸಾಹಸ ಜನರ ಅಕ್ಕರೆಗೆ ಪಾತ್ರವಾಗಿ ಇಂದಿಗೂ ಹಳ್ಳಿಯ ಹುಡುಗರ ಬಾಯಲ್ಲಿದೆ. ಶಹನಾಯಿಯನ್ನೂ ಗಿಟಾರನ್ನೂ ಒಂದೇ ಶ್ರದ್ಧೆಯಿಂದ ಕಂಡ ಮನಸ್ಸಿಗೆ ಮಾತ್ರ ಇದು ಸಾಧ್ಯ.

ಗುರುವಾಗಿಯೂ ಅವರದು ಉದಾರ ಸ್ವಭಾವ. ತಮಿಳುನಾಡಿನ ಹಳ್ಳಿಯಿಂದ ಮದರಾಸಿಗೆ ಬಂದು ಗಿಟಾರು ಹಿಡಿದಿದ್ದ ತರುಣನೊಬ್ಬ ಅವರ ಸಹಾಯಕನಾಗಿ ಹಲವು ಕನ್ನಡ ಚಿತ್ರಗಳಲ್ಲಿ ದುಡಿದ. 1976ರಲ್ಲಿ ‘ಅನ್ನಕ್ಕಿಳಿ’ ಎಂಬ ತಮಿಳು ಚಿತ್ರದ ಮೂಲಕ ಸ್ವತಂತ್ರನಾದ ಆ ತರುಣನೇ ಇಳಯರಾಜಾ. ಪಾಶ್ಚಾತ್ಯ ಸ್ವರಮೇಳವನ್ನೂ ಹಳ್ಳಿಯ ಹಾಡನ್ನೂ ಒಂದುಗೂಡಿಸಿದ ಆ ಮಹಾ ಪ್ರತಿಭೆ ಪಳಗಿದ ಗರಡಿಗಳಲ್ಲಿ ಕನ್ನಡದ ಹಾಡೂ ಒಂದೆಂಬುದು ನಮಗೆ ಹೆಮ್ಮೆಯ ಸಂಗತಿ.

1980ರ ದಶಕದಲ್ಲಿಯೂ ‘ಹಾಲು ಜೇನು’ವಿನಂತಹ ಚಿತ್ರಗಳಿಗೆ ಅವರು ಸಂಗೀತ ನೀಡಿದರು. ಆ ಹೊತ್ತಿಗೆ ಕಾಲ ಬದಲಾಗಿತ್ತು. ಹೊಸಬರು ಬಂದಿದ್ದರು, ಯಂತ್ರದ ಕೀಲಿಮಣೆಯಿಂದಲೇ ಇಡೀ ಮೇಳದ ನಾದ ಹೊರಡತೊಡಗಿತ್ತು. 1993ರಲ್ಲಿ ವೆಂಕಟೇಶ್ ತೀರಿಕೊಂಡರು. ಅವರು ಕಟ್ಟಿದ ಹಾಡುಗಳನ್ನು ನಾವು ನಟರ ಹೆಸರಿನಿಂದ, ಗಾಯಕರ ಹೆಸರಿನಿಂದ ನೆನೆಯುತ್ತೇವೆ. ಕಟ್ಟಿದವರ ಹೆಸರು ಚಿತ್ರದ ಆರಂಭದ ಅಕ್ಷರಗಳೊಡನೆ ಸರಿದುಹೋಗುತ್ತದೆ. ಇದೇನೂ ಹೊಸತಲ್ಲ. ನಮ್ಮ ಕಾಡುಗೊಲ್ಲರು ಗಣೆಯೂದಿ ಹಾಡುವ ಜುಂಜಪ್ಪನ ಕಾವ್ಯವನ್ನು ಮೊದಲು ಕಟ್ಟಿದವರಾರೆಂದು ಬಲ್ಲವರಿಲ್ಲ. ಜನ ಹಾಡನ್ನು ತಮ್ಮದಾಗಿಸಿಕೊಂಡಾಗ ಕರ್ತೃ ಮರೆಯಾಗುತ್ತಾನೆ. ಆದರೆ ಜನಪದ ಕವಿಯ ಹೆಸರು ಗೊತ್ತಿಲ್ಲದ್ದು ಕಾಲದ ದೋಷ. ಗೊತ್ತಿದ್ದ ಹೆಸರನ್ನು ಮರೆಯುವುದು ನಮ್ಮ ದೋಷ.

ತಳುಕಿನ ಕಾದಂಬರಿಕಾರರು ಚಿತ್ರಿಸಿದ ಭೈರವಿ ವೆಂಕಟಸುಬ್ಬಯ್ಯನ ಆದರ್ಶ ದೊಡ್ಡದು. ಅದನ್ನು ನಾವು ಕೈಬಿಡಬೇಕಾಗಿಲ್ಲ. ಅಧಿಕಾರಕ್ಕೆ ಬಾಗದೆ ನಾಲಗೆಯನ್ನೇ ತ್ಯಜಿಸಿದ ಕಲಾವಿದ ಆತ. ವೆಂಕಟೇಶರ ದಾರಿ ಬೇರೆ. ಅವರು ಹೇಳಿದ ಸಂದರ್ಭಕ್ಕೆ, ಕೊಟ್ಟ ದಿನಕ್ಕೆ, ಕೇಳಿದ ನಿರ್ಮಾಪಕರಿಗೆ ಹಾಡು ಕಟ್ಟಿದರು. ಆದರೆ ಕನ್ನಡದ ಮಾತನ್ನು ಮಾತ್ರ ಯಾವ ವಾದ್ಯದ ಅಬ್ಬರಕ್ಕೂ ಬಲಿಗೊಡಲಿಲ್ಲ. ಮೊದಲನೆಯವನು ಗಾನದ ಶುದ್ಧಿಯನ್ನು ಕಾಪಾಡಿದರೆ, ಎರಡನೆಯವರು ಗಾನವನ್ನು ಜನರ ನಾಲಗೆಗೆ ದಾಟಿಸಿದರು. ನಾಡಿಗೆ ಇಬ್ಬರೂ ಬೇಕು. ನಾಳೆ ನಾಯಕನಹಟ್ಟಿಯ ತೇರಿನ ದಿನ ಹಳೆಯ ಹಾಡೊಂದು ಕಿವಿಗೆ ಬಿದ್ದಾಗ, ಹಾಡಿದವರಾರೆಂದು ಗುರುತಿಸಿದ ಮೇಲೆ, ಕಟ್ಟಿದವರಾರೆಂದೂ ಒಂದು ಕ್ಷಣ ಕೇಳಿಕೊಳ್ಳೋಣ. ಅಷ್ಟು ಋಣ ನಮ್ಮ ಮೇಲಿದೆ.